ಮೊಣಕೈ ಊತಕ್ಕೆ ಆಪರೇಷನ್ ಎಂದರೆ, ಮೊದಲು ಊತದೊಳಗಿನ ನೀರಿನ ಪರೀಕ್ಷೆಯ ವರದಿ ಕೇಳಿ

ಮೊಣಕೈ ತುದಿ ಊದಿಕೊಂಡಿದೆ, ‘ಸಣ್ಣ ಆಪರೇಷನ್, ಸಂಜೆಗೆ ಮನೆಗೆ ಹೋಗಬಹುದು’ ಎನ್ನುತ್ತಿದ್ದಾರೆಯೇ? ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ನಮ್ಮ ಚಿಕ್ಕಪ್ಪನ ಪಾಡು ಓದಿ.

ಅವರದು ಕಿರಾಣಿ ಅಂಗಡಿ. ದಿನವಿಡೀ ಗಲ್ಲಾದ ಮೇಲೆ ಎಡ ಮೊಣಕೈ ಊರಿ ಲೆಕ್ಕ ಬರೆಯುವವರು. ಅಲ್ಲಿ ಚರ್ಮಕ್ಕೂ ಮೂಳೆಗೂ ನಡುವೆ ತಿಕ್ಕಾಟ ತಪ್ಪಿಸುವ ತೆಳುವಾದ ಚೀಲವಿರುತ್ತದೆ, ವೈದ್ಯರು ಬರ್ಸಾ ಎನ್ನುತ್ತಾರೆ. ಅದು ಕೆರಳಿ ನೀರು ತುಂಬಿಕೊಂಡಿತು. ಖಾಸಗಿ ಆಸ್ಪತ್ರೆಯೊಂದರಲ್ಲಿ ಸಿರಿಂಜಿನಿಂದ ನೀರು ತೆಗೆದು ಚೆಲ್ಲಿದರು. ಮತ್ತೆ ತುಂಬಿತು. ಸ್ಟೀರಾಯ್ಡ್ ಚುಚ್ಚಿದರು. ಮತ್ತೆ ತುಂಬಿತು. ಹಾಗಾದರೆ ಚೀಲವನ್ನೇ ತೆಗೆದುಬಿಡೋಣ ಎಂದರು. ಹಿಂದೆ ಕಾಲಿನ ಹೆಬ್ಬೆರಳು ಊದಿ ನರಳಿದ್ದುಂಟೇ ಎಂದು ಯಾರೂ ಕೇಳಲಿಲ್ಲ. ವಿಮೆ ಇದೆಯೇ ಎಂದು ಮಾತ್ರ ತಪ್ಪದೆ ಕೇಳಿದರು.

ಮೊಣಕೈ ತುದಿಯ ಚರ್ಮ ತೆಳು, ಕೈ ಮಡಿಸಿದಾಗಲೆಲ್ಲ ಹೊಲಿಗೆ ಜಗ್ಗುತ್ತದೆ. ಅಲ್ಲಿಯ ಗಾಯ ಮಾಯುವುದು ಕಷ್ಟವೆಂಬುದು ಮೂಳೆ ವೈದ್ಯರಿಗೆ ಹೊಸ ಸಂಗತಿಯಲ್ಲ, ನಮಗೆ ಮಾತ್ರ ಹೇಳಲಿಲ್ಲ. ಹೊಲಿಗೆ ಬಿಚ್ಚಿದ ಮೇಲೆ ಗಾಯ ಬಾಯಿಬಿಟ್ಟು, ಒಳಗಿಂದ ಸುಣ್ಣದ ತಿಳಿಯಂಥ ಬಿಳಿ ದ್ರವ ಒಸರತೊಡಗಿತು. ‘ಕೈ ಹೆಚ್ಚು ಆಡಿಸಿದ್ದೀರಿ’ ಎಂದು ಚಿಕ್ಕಪ್ಪನನ್ನೇ ಗದರಿದರು. ಡ್ರೆಸ್ಸಿಂಗಿಗೆ ಅಲೆದೂ ಅಲೆದೂ ಅಂಗಡಿ ಚಿಕ್ಕಮ್ಮನ ಪಾಲಾಯಿತು.

ಬೇರೆ ಊರಿನ ವೈದ್ಯರೊಬ್ಬರು ಆ ಬಿಳಿ ದ್ರವವನ್ನೇ ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳಿಸಿದರು. ಯೂರಿಕ್ ಆಮ್ಲದ ಹರಳುಗಳು! ಇದ್ದದ್ದು ಗೌಟ್, ಅಂದರೆ ರಕ್ತದಲ್ಲಿ ಹೆಚ್ಚಾದ ಯೂರಿಕ್ ಆಮ್ಲ ಕೀಲುಗಳ ಬಳಿ ಹರಳುಗಟ್ಟಿ ಊತ, ನೋವು ತರುವ ಕಾಯಿಲೆ; ಹಲವರಲ್ಲಿ ಇದು ಮೊದಲು ಕಾಣುವುದೇ ಕಾಲಿನ ಹೆಬ್ಬೆರಳಿನಲ್ಲಿ. ಅದಕ್ಕೆ ಬೇಕಾಗಿದ್ದುದು ಮಾತ್ರೆ. ಚೀಲ ಕತ್ತರಿಸಿದರೆ ರಕ್ತದಲ್ಲಿರುವ ಯೂರಿಕ್ ಆಮ್ಲ ಇಳಿಯುತ್ತದೆಯೇ? ಮೊದಲ ಸಲ ತೆಗೆದ ನೀರನ್ನೇ ಪ್ರಯೋಗಾಲಯಕ್ಕೆ ಕಳಿಸಿದ್ದರೆ ಅಂದೇ ತಿಳಿಯುತ್ತಿತ್ತು.

ಆದ್ದರಿಂದ ನೀರು ತೆಗೆದರೆ ಹರಳು, ಸೋಂಕು ಎರಡನ್ನೂ ಪರೀಕ್ಷಿಸಲು ಹೇಳಿ, ವರದಿಯ ಪ್ರತಿ ಇಟ್ಟುಕೊಳ್ಳಿ. ರಕ್ತ ಪರೀಕ್ಷೆಯೊಂದನ್ನೇ ನಂಬಬೇಡಿ, ಗೌಟ್ ಉಲ್ಬಣಿಸಿದಾಗ ರಕ್ತದಲ್ಲಿ ಯೂರಿಕ್ ಆಮ್ಲ ಸರಿಯಾಗಿಯೇ ಕಾಣಬಹುದು. ಬರೀ ಒತ್ತಡದಿಂದ ಬಂದ ಊತ ಬಹುಪಾಲು ಮೊಣಕೈ ಊರುವುದನ್ನು ಬಿಟ್ಟರೆ, ಮೆತ್ತನೆ ಪಟ್ಟಿ ಕಟ್ಟಿದರೆ, ಕೆಲವು ವಾರಗಳಲ್ಲಿ ಇಳಿಯುತ್ತದೆ. ಔಷಧಕ್ಕೆ ಬಗ್ಗದ ಸೋಂಕು, ಏನು ಮಾಡಿದರೂ ಮರುಕಳಿಸುವ ಊತ ಇದ್ದವರಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಅಲ್ಲವೆನ್ನುವುದಿಲ್ಲ. ಆದರೆ ಊತ ಕೆಂಪಾಗಿ, ಬಿಸಿಯಾಗಿ, ಜ್ವರವೂ ಬಂದರೆ ಪಟ್ಟಿ ಕಟ್ಟಿಕೊಂಡು ಕೂರಬೇಡಿ, ಅಂದೇ ವೈದ್ಯರಿಗೆ ತೋರಿಸಿ.