ಕರ್ನಲ್ ಕಂಪೈಲ್‌ಗೆ ಯಾವ ಕಾನ್ಫಿಗ್? ಡಿಸ್ಟ್ರೋದ್ದು, ಡೆಫ್‌ಕಾನ್ಫಿಗ್, ಲೋಕಲ್‌ಮಾಡ್‌ಕಾನ್ಫಿಗ್

ಮೊದಲೇ ಹೇಳಿಬಿಡುತ್ತೇನೆ: ಸ್ವಂತ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಸೋರ್ಸ್‌ನಿಂದ ಕಂಪೈಲ್ ಮಾಡುವುದಾದರೆ ನನ್ನ ಓಟು ಲೋಕಲ್‌ಮಾಡ್‌ಕಾನ್ಫಿಗ್‌ಗೆ, ಅಂದರೆ ಈಗ ಲೋಡ್ ಆಗಿರುವ ಡ್ರೈವರ್‌ಗಳನ್ನಷ್ಟೇ ಉಳಿಸುವ ದಾರಿಗೆ. ಅದರಲ್ಲಿ ಒಂದು ಕಿರಿಕಿರಿ ಇದೆ, ಸಣ್ಣದೇನಲ್ಲ. ಈ ಬರಹದ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಆದರೂ ನಾಲ್ಕು ಕೋರ್, 8 ಜಿಬಿ ರ್ಯಾಮ್, 256 ಜಿಬಿ ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಮೂರನ್ನೂ ಓಡಿಸಿ ನೋಡಿದ ಮೇಲೆ ಉಳಿದೆರಡರ ಕಡೆ ಮನಸ್ಸು ಹೊರಳುವುದಿಲ್ಲ.

ಕರ್ನಲ್‌ನಲ್ಲಿ ಯಾವ ಡ್ರೈವರ್, ಯಾವ ಸೌಲಭ್ಯ ಇರಬೇಕೆಂಬ ಆಯ್ಕೆಗಳು ಸಾವಿರಾರು; ಅವುಗಳ ಪಟ್ಟಿಯೇ ಕಾನ್ಫಿಗ್. ಮೆನುಕಾನ್ಫಿಗ್ ಎಂಬ ಆಯ್ಕೆಗಳ ಪರದೆ ತೆರೆದು ಒಂದೊಂದನ್ನೇ ಆರಿಸುತ್ತಾ ಕೂರುವುದು ಆಗುಹೋಗುವ ಮಾತಲ್ಲ. ಯಾವುದೋ ಒಂದು ಸಿದ್ಧ ಪಟ್ಟಿ ಹಿಡಿದು, ಅದರಲ್ಲಿ ಹತ್ತಿಪ್ಪತ್ತನ್ನು ಬದಲಿಸುವುದೇ ಎಲ್ಲರ ದಾರಿ. ಹಾಗಾಗಿ ನಿಜವಾದ ಪೈಪೋಟಿ ಇರುವುದು ಯಾವ ಪಟ್ಟಿಯಿಂದ ಶುರು ಮಾಡಬೇಕು ಎಂಬಲ್ಲಿ.

ಡೆಫ್‌ಕಾನ್ಫಿಗ್ ಬಗ್ಗೆ ಬೇಗ ಮುಗಿಸುತ್ತೇನೆ. ಮೇಕ್ ಡೆಫ್‌ಕಾನ್ಫಿಗ್ ಎಂಬ ಆಜ್ಞೆ ಕೊಟ್ಟರೆ ಸಿಗುವುದು ನಿಮ್ಮ ಪ್ರೊಸೆಸರ್ ಆರ್ಕಿಟೆಕ್ಚರ್‌ನ ನಿರ್ವಾಹಕರು ಇಟ್ಟಿರುವ ಪಟ್ಟಿ. ಕಂಪೈಲ್ ಬೇಗ ಮುಗಿಯುತ್ತದೆ, ಆದರೆ ನಿಮ್ಮ ವೈಫೈ ಚಿಪ್, ಟಚ್‌ಪ್ಯಾಡ್, ಸೌಂಡ್ ಕೊಡೆಕ್ ಅದರಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ಡಿಸ್ಕ್ ಕಂಟ್ರೋಲರ್ ಅಥವಾ ರೂಟ್‌ನ ಫೈಲ್‌ಸಿಸ್ಟಮ್ ಬಿಟ್ಟುಹೋಗಿದ್ದರೆ ಬೂಟ್‌ನಲ್ಲೇ ರೂಟ್ ಮೌಂಟ್ ಆಗದೆ ಪ್ಯಾನಿಕ್ (ಕರ್ನಲ್ ಅಲ್ಲೇ ನಿಲ್ಲುವುದು), ಪರದೆಯ ಮೇಲೆ ಅನ್‌ನೋನ್-ಬ್ಲಾಕ್(0,0) ಎಂಬ ಸಾಲು. ಕ್ಯೂಇಎಂಯು ಎಂಬ ವರ್ಚುವಲ್ ಯಂತ್ರದ ಒಳಗೆ ಓಡಿಸುವ ಕರ್ನಲ್‌ಗಾದರೆ ಇದೇ ಸರಿ: ಮೇಕ್ ಡೆಫ್‌ಕಾನ್ಫಿಗ್ ಆದ ಮೇಲೆ ಮೇಕ್ ಕೆವಿಎಂ_ಗೆಸ್ಟ್.ಕಾನ್ಫಿಗ್ ಕೊಟ್ಟರೆ ಅದಕ್ಕೆ ಬೇಕಾದ ವರ್ಟ್‌ಐಒ ಡ್ರೈವರ್‌ಗಳು ಸೇರಿಕೊಳ್ಳುತ್ತವೆ. ರಾಸ್ಪ್‌ಬೆರಿ ಪೈ 4ಕ್ಕೂ ಅವರದೇ ಸೋರ್ಸ್ ಟ್ರೀಯಲ್ಲಿರುವ ಬಿಸಿಎಂ2711_ಡೆಫ್‌ಕಾನ್ಫಿಗ್ ಬಿಟ್ಟು ಬೇರೆ ಹುಡುಕಬೇಕಿಲ್ಲ. ಬೋರ್ಡ್‌ನಲ್ಲಿ ಏನಿದೆಯೆಂದು ಗೊತ್ತಿದ್ದವರೇ ಮಾಡಿದ ಪಟ್ಟಿ ಅದು. ಅಂಗಡಿಯಿಂದ ತಂದ ಲ್ಯಾಪ್‌ಟಾಪ್‌ಗೆ ಮಾತ್ರ ಬೇಡ.

ಇನ್ನು ಡಿಸ್ಟ್ರೋ ಕಾನ್ಫಿಗ್, ಅಂದರೆ ಡೆಬಿಯನ್, ಉಬುಂಟುವಿನಂಥ ಲಿನಕ್ಸ್ ವಿತರಣೆಯವರು ತಮ್ಮ ಕರ್ನಲ್‌ಗೆ ಬಳಸಿದ ಪಟ್ಟಿ. /ಬೂಟ್ ಒಳಗಿರುವ ಕಾನ್ಫಿಗ್ ಫೈಲನ್ನು ಸೋರ್ಸ್ ಫೋಲ್ಡರ್‌ಗೆ .ಕಾನ್ಫಿಗ್ ಎಂದು ಕಾಪಿ ಮಾಡಿ ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್ ಓಡಿಸುವುದು. ಹೊಸ ಆವೃತ್ತಿಯಲ್ಲಿ ಬಂದ ಆಯ್ಕೆಗಳಿಗೆ ಅದು ಕೇಳದೆಯೇ ಡಿಫಾಲ್ಟ್ ಉತ್ತರ ತುಂಬುತ್ತದೆ. ಏನು ತುಂಬುತ್ತದೆಂದು ನೋಡಬೇಕಿದ್ದರೆ ಮೊದಲು ಮೇಕ್ ಲಿಸ್ಟ್‌ನ್ಯೂಕಾನ್ಫಿಗ್. ಈ ದಾರಿಯ ದೊಡ್ಡ ಗುಣ ಎಂದರೆ ಹಾರ್ಡ್‌ವೇರ್ ವಿಚಾರದಲ್ಲಿ ತಲೆಬಿಸಿಯೇ ಇಲ್ಲ. ನಿನ್ನೆ ಕೆಲಸ ಮಾಡಿದ್ದೆಲ್ಲ ಇವತ್ತೂ ಮಾಡುತ್ತದೆ.

ಅದಕ್ಕೆ ತೆರಬೇಕಾದ ಬೆಲೆ ಸಮಯ ಮತ್ತು ಜಾಗ. ಜಗತ್ತಿನ ಯಾವ ಕಂಪ್ಯೂಟರಿಗೆ ಹಾಕಿದರೂ ಬೂಟ್ ಆಗಬೇಕೆಂದು ಡಿಸ್ಟ್ರೋದವರು ಸಾವಿರಾರು ಮಾಡ್ಯೂಲ್ (ಬೇಕಾದಾಗ ಲೋಡ್ ಆಗುವ ಕರ್ನಲ್ ತುಣುಕು) ಸೇರಿಸಿರುತ್ತಾರೆ. ಒಂದು ಲ್ಯಾಪ್‌ಟಾಪ್‌ನಲ್ಲಿ ಲೋಡ್ ಆದ ಮಾಡ್ಯೂಲ್‌ಗಳನ್ನು ತೋರಿಸುವ ಎಲ್‌ಎಸ್‌ಮಾಡ್ ಕೊಟ್ಟರೆ ಕಾಣುವುದು ಇನ್ನೂರರ ಆಸುಪಾಸು. ಮಿಕ್ಕಿದ್ದೆಲ್ಲ ನಿಮ್ಮ ಸಿಪಿಯು ಸುಮ್ಮನೆ ಮಾಡುವ ಕೂಲಿ. ಫ್ಯಾನ್ ಗಂಟೆಗಟ್ಟಲೆ ಕೂಗುತ್ತದೆ.

ಜಾಗ ತಿನ್ನುವುದು ಮುಖ್ಯವಾಗಿ ಡೀಬಗ್ ಮಾಹಿತಿ, ಅಂದರೆ ಕೋಡ್‌ನಲ್ಲಿ ದೋಷ ಹುಡುಕುವವರಿಗೆ ಬೇಕಾದದ್ದು. ಡಿಸ್ಟ್ರೋ ಕಾನ್ಫಿಗ್‌ನಲ್ಲಿ ಅದು ಆನ್ ಇರುತ್ತದೆ, ಕಂಪೈಲ್ ಫೋಲ್ಡರ್ 20 ಜಿಬಿ ದಾಟುವುದು ಮಾಮೂಲು. ಮೇಕ್ ಮಾಡ್ಯೂಲ್ಸ್_ಇನ್‌ಸ್ಟಾಲ್ ಮಾಡಿದರೆ ಅದೇ ಭಾರ ಹೊತ್ತ ಮಾಡ್ಯೂಲ್‌ಗಳು ಇನಿಟ್‌ರ್ಯಾಮ್‌ಎಫ್‌ಎಸ್ (ಬೂಟ್‌ನ ಮೊದಲ ಹಂತಕ್ಕೆ ಬೇಕಾದ ಫೈಲ್‌ಗಳ ಕಟ್ಟು) ಒಳಗೂ ಹೋಗಿ ಕೂರುತ್ತವೆ. /ಬೂಟ್ ಬೇರೆ ಪಾರ್ಟಿಶನ್ ಆಗಿದ್ದರೆ ಅಲ್ಲಿಗೆ ಭರ್ತಿ. ಇನ್‌ಸ್ಟಾಲ್_ಮಾಡ್_ಸ್ಟ್ರಿಪ್=1 ಸೇರಿಸಿದರೆ ಇನ್‌ಸ್ಟಾಲ್ ಆಗುವ ಪ್ರತಿಯಾದರೂ ಹಗುರಾಗುತ್ತದೆ. ಬುಡದಲ್ಲೇ ತೆಗೆಯುವುದು ಇನ್ನೂ ಒಳ್ಳೆಯದು, ಆದರೆ ಹಳೆಯ ಟಿಪ್ಪಣಿಗಳಲ್ಲಿ ಸಿಗುವ ‘ಡೀಬಗ್_ಇನ್ಫೋ ಡಿಸೇಬಲ್ ಮಾಡಿ’ ಎಂಬ ಸಲಹೆ ಈಗ ನಡೆಯುವುದಿಲ್ಲ. 5.18ರಿಂದ ಅದು ಹಲವು ಆಯ್ಕೆಗಳಲ್ಲಿ ಒಂದನ್ನು ಆರಿಸುವ ಗುಂಪಾಗಿದೆ. ಡೀಬಗ್_ಇನ್ಫೋ_ನನ್ ಅನ್ನು ಎನೇಬಲ್ ಮಾಡಿ, ಜೊತೆಗೆ ಡೀಬಗ್_ಇನ್ಫೋ_ಡ್ವಾರ್ಫ್_ಟೂಲ್‌ಚೈನ್_ಡಿಫಾಲ್ಟ್ ಅಥವಾ ಆನ್ ಇರುವ ಬೇರೆ ಡ್ವಾರ್ಫ್ (ಡೀಬಗ್ ಮಾಹಿತಿಯ ಒಂದು ರೂಪ) ಆಯ್ಕೆಯನ್ನು ಡಿಸೇಬಲ್ ಮಾಡಬೇಕು. ಇಲ್ಲದಿದ್ದರೆ ಓಲ್ಡ್‌ಡೆಫ್‌ಕಾನ್ಫಿಗ್ ಓಡಿದ ತಕ್ಷಣ ಮತ್ತೆ ಆನ್. ಇದರ ಜೊತೆಗೇ ಬಿಟಿಎಫ್ (ಬಿಪಿಎಫ್ ಉಪಕರಣಗಳು ಓದುವ ಟೈಪ್ ಮಾಹಿತಿ) ಕೂಡ ಹೋಗುತ್ತದೆ, ಅದನ್ನು ತಯಾರಿಸುವ ಪಹೋಲ್ ಇನ್‌ಸ್ಟಾಲ್ ಆಗಿಲ್ಲವೆಂಬ ತಕರಾರೂ ತಪ್ಪುತ್ತದೆ. ಬಿಪಿಎಫ್ ಉಪಕರಣ (ಓಡುತ್ತಿರುವ ಕರ್ನಲ್ ಒಳಗೆ ಇಣುಕುವಂಥವು) ಬಳಸುವವರು ಮಾತ್ರ ತೆಗೆಯಬೇಡಿ; ಪಹೋಲ್ ತರುವ ಡ್ವಾರ್ವ್ಸ್ ಪ್ಯಾಕೇಜ್ ಹಾಕಿಕೊಂಡು ಮುಂದುವರಿಯಿರಿ.

ಡೆಬಿಯನ್, ಉಬುಂಟು ಕಾನ್ಫಿಗ್ ತಂದವರಿಗೆ ಇನ್ನೊಂದು ತಡೆ: ಸಿಸ್ಟಮ್_ಟ್ರಸ್ಟೆಡ್_ಕೀಸ್ ಎಂಬಲ್ಲಿ ಅವರ ಪ್ಯಾಕೇಜ್ ಸೋರ್ಸ್‌ನಲ್ಲಿ ಮಾತ್ರ ಇರುವ ಪೆಮ್ ಫೈಲಿನ (ಸಹಿ ಪರೀಕ್ಷಿಸುವ ಸರ್ಟಿಫಿಕೇಟ್‌ನ) ಹೆಸರು ಇರುತ್ತದೆ. ಕರ್ನಲ್.ಆರ್ಗ್‌ನಿಂದ ಇಳಿಸಿದ ಸೋರ್ಸ್‌ನಲ್ಲಿ ಆ ಫೈಲ್ ಇಲ್ಲ, ಕಂಪೈಲ್ ಸರ್ಟ್ಸ್ ಫೋಲ್ಡರ್‌ನಲ್ಲಿ ನಿಲ್ಲುತ್ತದೆ. ಸ್ಕ್ರಿಪ್ಟ್ಸ್/ಕಾನ್ಫಿಗ್ --ಸೆಟ್-ಸ್ಟ್ರ್ ಬಳಸಿ ಅದನ್ನು ಖಾಲಿ ಮಾಡಿ. ಸಿಸ್ಟಮ್_ರೆವೊಕೇಶನ್_ಕೀಸ್ ಇದ್ದರೆ ಅದನ್ನೂ.

ಈಗ ನನ್ನ ಅಚ್ಚುಮೆಚ್ಚಿನದು. ಕರ್ನಲ್ ಡೆವಲಪರ್ ಸ್ಟೀವನ್ ರೋಸ್ಟೆಟ್ ಬರೆದ ಸ್ಟ್ರೀಮ್‌ಲೈನ್_ಕಾನ್ಫಿಗ್.ಪಿಎಲ್ ಎಂಬ ಪರ್ಲ್ ಸ್ಕ್ರಿಪ್ಟ್ ಇದರ ಎಂಜಿನ್, 2.6.32ರಿಂದ ಕರ್ನಲ್ ಜೊತೆಗೇ ಬರುತ್ತಿದೆ. ಮೇಕ್ ಲೋಕಲ್‌ಮಾಡ್‌ಕಾನ್ಫಿಗ್ ಕೊಟ್ಟರೆ ಅದು ಎಲ್‌ಎಸ್‌ಮಾಡ್ ಪಟ್ಟಿ ನೋಡುತ್ತದೆ, ಲೋಡ್ ಆಗಿರುವ ಮಾಡ್ಯೂಲ್‌ಗಳಿಗೆ ಬೇಕಾದ ಆಯ್ಕೆಗಳನ್ನು ಉಳಿಸುತ್ತದೆ, ಮಾಡ್ಯೂಲ್ ಎಂದು ಗುರುತಾಗಿದ್ದ ಉಳಿದದ್ದನ್ನೆಲ್ಲ ಅಳಿಸುತ್ತದೆ. ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯುತ್ತದೆ. ಕೊನೆಯಲ್ಲಿ ಹೊಸ ಆಯ್ಕೆಗಳ ಬಗ್ಗೆ ಒಂದೊಂದಾಗಿ ಪ್ರಶ್ನೆ ಕೇಳುತ್ತದೆ. ಎಂಟರ್ ಒತ್ತಿ ಒತ್ತಿ ಬೇಜಾರಾಗುವವರು ಯೆಸ್ ಆಜ್ಞೆಗೆ ಖಾಲಿ ಸ್ಟ್ರಿಂಗ್ ಕೊಟ್ಟು ಪೈಪ್ ಮಾಡಿ. ‘ಕಾನ್ಫಿಗ್ ನಾಟ್ ಫೌಂಡ್’ ಎಂದು ಎನ್‌ವಿಡಿಯಾ ಅಥವಾ ವರ್ಚುವಲ್‌ಬಾಕ್ಸ್ ಮಾಡ್ಯೂಲ್ ಹೆಸರು ಬಂದರೆ ಗಾಬರಿ ಬೇಡ. ಅವು ಕರ್ನಲ್ ಸೋರ್ಸ್‌ನ ಹೊರಗಿನವು.

ಕಿರಿಕಿರಿ ಇರುವುದು ಇಲ್ಲಿ: ಲೋಕಲ್‌ಮಾಡ್‌ಕಾನ್ಫಿಗ್ ಕಳೆಯುತ್ತದೆಯೇ ಹೊರತು ಕೂಡಿಸುವುದಿಲ್ಲ. ಆ ಗಳಿಗೆಯಲ್ಲಿ ಲೋಡ್ ಆಗಿರದ ಡ್ರೈವರ್ ನಿಮಗೆ ಬೇಕೇ ಬೇಡವೇ ಎಂದು ಅದಕ್ಕೆ ತಿಳಿಯುವ ಬಗೆಯಿಲ್ಲ. ಹೊಸ ಕರ್ನಲ್ ಚೆನ್ನಾಗಿಯೇ ಬೂಟ್ ಆಗುತ್ತದೆ. ವೈಫೈ, ಸೌಂಡ್, ಬ್ರೈಟ್‌ನೆಸ್ ಎಲ್ಲ ಸರಿ. ವಾರ ಕಳೆದು ಮನೆಯ ಬ್ರಾಡ್‌ಬ್ಯಾಂಡ್ ಕೈಕೊಟ್ಟಾಗ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡುತ್ತೀರಿ, ಏನೂ ಆಗುವುದಿಲ್ಲ. ಕರ್ನಲ್ ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ ಹೊಸ ಯುಎಸ್‌ಬಿ ಸಾಧನ ಬಂತೆಂಬ ಸಾಲು ಇರುತ್ತದೆ, ನೆಟ್‌ವರ್ಕ್ ಇಂಟರ್‌ಫೇಸ್ ಮಾತ್ರ ಹುಟ್ಟುವುದಿಲ್ಲ. ದೋಷ ಎಂಬ ಪದವೇ ಎಲ್ಲೂ ಇರುವುದಿಲ್ಲ, ಏಕೆಂದರೆ ಕರ್ನಲ್ ದೃಷ್ಟಿಯಲ್ಲಿ ದೋಷವೇ ಆಗಿಲ್ಲ. ಟೆದರಿಂಗ್ ಡ್ರೈವರ್ ಲೋಡ್ ಮಾಡಲು ಮಾಡ್‌ಪ್ರೋಬ್ ಆರ್‌ಎನ್‌ಡಿಐಎಸ್_ಹೋಸ್ಟ್ ಎಂದು ಕೊಟ್ಟು ‘ನಾಟ್ ಫೌಂಡ್’ ನೋಡಿದಾಗಲೇ ವಿಷಯ ತಿಳಿಯುವುದು. ಅದನ್ನು ಸರಿಪಡಿಸಲು ಹುಡುಕೋಣವೆಂದರೆ ಇಂಟರ್‌ನೆಟ್ ಇಲ್ಲ!

ಇದಕ್ಕೆಂದೇ ಎಲ್‌ಎಂಸಿ_ಕೀಪ್ ಎಂಬ ವೇರಿಯಬಲ್ ಇದೆ. ಉಳಿಸಬೇಕಾದ ಫೋಲ್ಡರ್‌ಗಳ ಹೆಸರನ್ನು ಕೋಲನ್ ಹಾಕಿ ಕೊಟ್ಟರೆ ಅವುಗಳೊಳಗಿನ ಆಯ್ಕೆಗಳನ್ನು ಸ್ಕ್ರಿಪ್ಟ್ ಮುಟ್ಟುವುದಿಲ್ಲ. ಎಲ್ಲರೂ ಮೊದಲು ಬರೆಯುವುದು ಡ್ರೈವರ್ಸ್/ಯುಎಸ್‌ಬಿ ಎಂದು. ಯುಎಸ್‌ಬಿ ಸಾಧನಗಳೆಲ್ಲ ಅಲ್ಲೇ ಇರುತ್ತವೆಂದು ಅನ್ನಿಸುವುದು ಸಹಜ. ಆದರೆ ಅಲ್ಲಿ ಸಿಗುವುದು ಕಂಟ್ರೋಲರ್, ಪೆನ್‌ಡ್ರೈವ್, ಸೀರಿಯಲ್ ಅಡಾಪ್ಟರ್‌ಗಳು. ಟೆದರಿಂಗ್ ಡ್ರೈವರ್‌ಗಳು ಡ್ರೈವರ್ಸ್/ನೆಟ್/ಯುಎಸ್‌ಬಿಯಲ್ಲಿ, ವೆಬ್‌ಕ್ಯಾಮ್ ಡ್ರೈವರ್ಸ್/ಮೀಡಿಯಾ/ಯುಎಸ್‌ಬಿಯಲ್ಲಿ, ಯುಎಸ್‌ಬಿ ಹೆಡ್‌ಸೆಟ್ ಸೌಂಡ್/ಯುಎಸ್‌ಬಿಯಲ್ಲಿ. ಪೆನ್‌ಡ್ರೈವ್ ಡ್ರೈವರ್ ಉಳಿದರೂ ಅದರ ಮೇಲಿನ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್3 ಇರುವುದು ಎಫ್‌ಎಸ್ ಫೋಲ್ಡರ್‌ನಲ್ಲಿ. ಹಾಗಾಗಿ ಕನಿಷ್ಠ ಪಟ್ಟಿ ಹೀಗಿರಲಿ (ಹೆಚ್‌ಐಡಿ ಎಂದರೆ ಕೀಬೋರ್ಡ್, ಮೌಸ್, ಗೇಮ್‌ಪ್ಯಾಡ್‌ಗಳದ್ದು): ಡ್ರೈವರ್ಸ್/ಯುಎಸ್‌ಬಿ:ಡ್ರೈವರ್ಸ್/ನೆಟ್/ಯುಎಸ್‌ಬಿ:ಡ್ರೈವರ್ಸ್/ಹೆಚ್‌ಐಡಿ:ಎಫ್‌ಎಸ್.

ಅದೂ ಪೂರ್ತಿ ಸಾಲದು. ಒಂದು ಆಯ್ಕೆ ಅವಲಂಬಿಸಿರುವ ತಾಯಿ ಆಯ್ಕೆ ಬೇರೆ ಫೋಲ್ಡರ್‌ನಲ್ಲಿದ್ದು ಅಳಿದುಹೋದರೆ, ನೀವು ಉಳಿಸಿಕೊಂಡ ಮರಿಯೂ ಅದರ ಹಿಂದೆ ಹೋಗುತ್ತದೆ. ವೆಬ್‌ಕ್ಯಾಮ್ ಇದಕ್ಕೆ ಒಳ್ಳೆಯ ಉದಾಹರಣೆ: ಮೀಡಿಯಾ_ಸಪೋರ್ಟ್ ಇರುವುದು ಡ್ರೈವರ್ಸ್/ಮೀಡಿಯಾ ಬೇರಿನಲ್ಲಿ. ಇಡೀ ಡ್ರೈವರ್ಸ್/ಮೀಡಿಯಾ ಉಳಿಸಿದರೆ ಟಿವಿ ಟ್ಯೂನರ್‌ಗಳೆಲ್ಲ ಕಂಪೈಲ್ ಆಗುತ್ತವೆ, ಹಗುರಾಗಿಸಿದ ಉದ್ದೇಶವೇ ಹಾಳು.

ಹಾಗಾಗಿ ನಾನು ಹೆಚ್ಚು ನೆಚ್ಚುವುದು ಪಟ್ಟಿಯನ್ನೇ ದೊಡ್ಡದು ಮಾಡುವ ಉಪಾಯವನ್ನು. ಡಿಸ್ಟ್ರೋ ಕರ್ನಲ್‌ನಲ್ಲಿ ಬೂಟ್ ಆಗಿ, ಫೋನ್ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿ. ಪೆನ್‌ಡ್ರೈವ್, ಹೆಡ್‌ಸೆಟ್, ಗೇಮ್‌ಪ್ಯಾಡ್, ಆರ್ಡುಯಿನೋ ಬೋರ್ಡ್ ಏನೇನಿದೆಯೋ ಸಿಕ್ಕಿಸಿ. ವಿಪಿಎನ್ ಜೋಡಿಸಿ, ಡಾಕರ್ ಕಂಟೈನರ್ ಒಂದನ್ನು ಓಡಿಸಿ. ಕಂಟೈನರ್‌ಗೆ ಬೇಕಾದ ಓವರ್‌ಲೇ, ವೆತ್, ಬ್ರಿಜ್, ನೆಟ್‌ಫಿಲ್ಟರ್ ಮಾಡ್ಯೂಲ್‌ಗಳು ಆಗಲೇ ಲೋಡ್ ಆಗುವುದು. ಐಎಸ್‌ಒ ಫೈಲ್ ಒಂದನ್ನು ಮೌಂಟ್ ಮಾಡಿ. ಆಮೇಲೆ ಎಲ್‌ಎಸ್‌ಮಾಡ್ ಔಟ್‌ಪುಟ್ ಅನ್ನು ಒಂದು ಫೈಲಿಗೆ ಸೇರಿಸಿ. ಎರಡು ದೊಡ್ಡಗುರುತಿನ (>>) ಅಪೆಂಡ್ ಬಳಸಿ, ಒಂದೇ ಹಾಕಿದರೆ ಹಳೆಯದು ಅಳಿಯುತ್ತದೆ. ಸ್ಕ್ರಿಪ್ಟ್ ಪ್ರತಿ ಸಾಲಿನ ಮೊದಲ ಪದವನ್ನಷ್ಟೇ ಓದುತ್ತದೆ, ‘ಮಾಡ್ಯೂಲ್’ ಎಂದು ಶುರುವಾಗುವ ತಲೆಸಾಲನ್ನು ಬಿಟ್ಟುಬಿಡುತ್ತದೆ. ಹಾಗಾಗಿ ಬೇರೆ ಬೇರೆ ದಿನದ ಪಟ್ಟಿ ಒಂದರ ಕೆಳಗೊಂದು ಇದ್ದರೂ, ಹೆಸರು ಮತ್ತೆ ಮತ್ತೆ ಬಂದರೂ ತೊಂದರೆಯಿಲ್ಲ. ಬಳಿಕ ಮೇಕ್ ಎಲ್‌ಎಸ್‌ಮಾಡ್=ಆ ಫೈಲಿನ ದಾರಿ, ಲೋಕಲ್‌ಮಾಡ್‌ಕಾನ್ಫಿಗ್. ಆರ್ಚ್ ಬಳಸುವವರಿಗೆ ಇದೇ ಕೆಲಸವನ್ನು ತಾನಾಗಿ ಮಾಡುವ ಮಾಡ್‌ಪ್ರೋಬ್ಡ್-ಡಿಬಿ ಇದೆ.

ಗಮನವಿಡಬೇಕಾದ್ದು ಎರಡು. ಪಟ್ಟಿ ಸಂಗ್ರಹಿಸುವಾಗ ಹಗುರಾದ ಕರ್ನಲ್‌ನಲ್ಲಿ ಇರಬೇಡಿ. ಇಲ್ಲದ ಡ್ರೈವರ್ ಅಲ್ಲಿ ಲೋಡ್ ಆಗುವುದೂ ಇಲ್ಲ, ಪಟ್ಟಿ ಬೆಳೆಯುವುದೂ ಇಲ್ಲ. ಎರಡನೆಯದು, ಸ್ಕ್ರಿಪ್ಟ್ ಮೊದಲು ಹುಡುಕುವುದು ಫೋಲ್ಡರ್‌ನಲ್ಲಿರುವ .ಕಾನ್ಫಿಗ್ ಅನ್ನು. ಹಿಂದಿನ ಸಲ ಡೆಫ್‌ಕಾನ್ಫಿಗ್‌ನಿಂದ ಬಂದದ್ದು ಅಲ್ಲಿ ಬಿದ್ದಿದ್ದರೆ ಅದರಿಂದಲೇ ಕಳೆಯುತ್ತದೆ, ಅದರಲ್ಲಿ ಇಲ್ಲದ್ದು ಎಷ್ಟು ಸಿಕ್ಕಿಸಿದರೂ ಬರುವುದಿಲ್ಲ. ಪ್ರತಿ ಬಾರಿಯೂ ಡಿಸ್ಟ್ರೋ ಕಾನ್ಫಿಗ್ ಕಾಪಿ ಮಾಡಿಯೇ ಶುರು ಮಾಡಿ. ಅಂದರೆ ಮೇಲೆ ಹೇಳಿದ ಡೀಬಗ್ ಮಾಹಿತಿ, ಪೆಮ್ ಫೈಲ್ ರಗಳೆಗಳು ಇಲ್ಲಿಗೂ ಹಿಂಬಾಲಿಸುತ್ತವೆ, ಅದೇ ಮದ್ದು.

ಇಷ್ಟಾಗಿಯೂ ಒಂದು ಬಿಟ್ಟುಹೋದರೆ ಮತ್ತೆಲ್ಲ ಕಂಪೈಲ್ ಮಾಡಬೇಕಿಲ್ಲ. ಸ್ಕ್ರಿಪ್ಟ್ಸ್/ಕಾನ್ಫಿಗ್ --ಮಾಡ್ಯೂಲ್ ಯುಎಸ್‌ಬಿ_ಯುಎಸ್‌ಬಿನೆಟ್ --ಮಾಡ್ಯೂಲ್ ಯುಎಸ್‌ಬಿ_ನೆಟ್_ಆರ್‌ಎನ್‌ಡಿಐಎಸ್_ಹೋಸ್ಟ್, ಆಮೇಲೆ ಓಲ್ಡ್‌ಡೆಫ್‌ಕಾನ್ಫಿಗ್. ಫೋನ್ ಟೆದರಿಂಗ್‌ಗೆ ಎನ್‌ಸಿಎಂ ಎಂಬ ಇನ್ನೊಂದು ವಿಧಾನ ಬಳಸುವಂಥದ್ದಾದರೆ ಯುಎಸ್‌ಬಿ_ನೆಟ್_ಸಿಡಿಸಿ_ಎನ್‌ಸಿಎಂ ಕೂಡ ಬೇಕು. ಈ ಸ್ಕ್ರಿಪ್ಟ್ಸ್/ಕಾನ್ಫಿಗ್ ಅವಲಂಬನೆಗಳನ್ನು ಪರೀಕ್ಷಿಸುವುದಿಲ್ಲ, ಹೇಳಿದ್ದನ್ನು ಬರೆದುಬಿಡುತ್ತದೆ. ತಾಯಿ ಆಯ್ಕೆ ಇಲ್ಲದಿದ್ದರೆ ಓಲ್ಡ್‌ಡೆಫ್‌ಕಾನ್ಫಿಗ್ ಸದ್ದಿಲ್ಲದೆ ಅಳಿಸುತ್ತದೆ. ಆದ್ದರಿಂದ ಕೊನೆಗೆ .ಕಾನ್ಫಿಗ್ ಅನ್ನು ಗ್ರೆಪ್ ಮಾಡಿ (ಅದರೊಳಗೆ ಹೆಸರು ಹುಡುಕಿ) ಖಾತ್ರಿಪಡಿಸಿಕೊಳ್ಳಿ. ಯಾರ ಮೇಲೆ ಅವಲಂಬಿಸಿದೆ ಎಂದು ತಿಳಿಯಲು ಮೆನುಕಾನ್ಫಿಗ್‌ನಲ್ಲಿ ಓರೆಗೆರೆ (/) ಒತ್ತಿ ಹೆಸರು ಹುಡುಕಿದರಾಯಿತು. ಸೇರಿಸಿದ್ದು ಬರೀ ಮಾಡ್ಯೂಲ್ ಆಗಿದ್ದು, ಕರ್ನಲ್ ಆವೃತ್ತಿಯ ಹೆಸರು ಬದಲಾಗದಿದ್ದರೆ, ಮೇಕ್ ಮಾಡ್ಯೂಲ್ಸ್, ಮಾಡ್ಯೂಲ್ಸ್_ಇನ್‌ಸ್ಟಾಲ್ ಸಾಕು. ರೀಬೂಟ್ ಕೂಡ ಬೇಡ.

ನನ್ನ ಮಟ್ಟಿಗೆ ಲೆಕ್ಕ ತೀರ್ಮಾನವಾಗುವುದು ಗಿಟ್ ಬೈಸೆಕ್ಟ್‌ನಲ್ಲಿ, ಅಂದರೆ ಕಮಿಟ್‌ಗಳನ್ನು (ಸೋರ್ಸ್‌ಗೆ ಆದ ಒಂದೊಂದು ಬದಲಾವಣೆ) ಪ್ರತಿ ಸುತ್ತಿಗೂ ಅರ್ಧ ಮಾಡುತ್ತಾ ದೋಷ ತಂದದ್ದನ್ನು ಹುಡುಕುವಾಗ. ಹಿಂದಿನ ಆವೃತ್ತಿಯಲ್ಲಿ ಸರಿಯಿದ್ದ ಸಸ್ಪೆಂಡ್ ಹೊಸದರಲ್ಲಿ ಕೆಟ್ಟಿದೆ ಎಂದಿಟ್ಟುಕೊಳ್ಳಿ. ಎರಡು ಬಿಡುಗಡೆಗಳ ನಡುವೆ ಸುಮಾರು 14,000 ಕಮಿಟ್ ಇದ್ದರೆ ಅಪರಾಧಿ ಸಿಗಲು 14 ಸಲ ಕಂಪೈಲ್ ಮಾಡಿ ಬೂಟ್ ಮಾಡಬೇಕು. ಡಿಸ್ಟ್ರೋ ಕಾನ್ಫಿಗ್‌ನಲ್ಲಿ ದಿನಕ್ಕೆ ಎರಡೋ ಮೂರೋ ಸುತ್ತು, ಹಗುರಾದ ಕಾನ್ಫಿಗ್‌ನಲ್ಲಿ ಒಂದು ಭಾನುವಾರ. ಇಲ್ಲಿ ಒಂದು ಸೂಕ್ಷ್ಮ: ಹಗುರಾದ ಕಾನ್ಫಿಗ್‌ನ ಪ್ರತಿಯನ್ನು ಸೋರ್ಸ್ ಫೋಲ್ಡರ್‌ನ ಹೊರಗಿಟ್ಟು, ಪ್ರತಿ ಸುತ್ತಿಗೂ ಅದನ್ನೇ ಕಾಪಿ ಮಾಡಿ ಓಲ್ಡ್‌ಡೆಫ್‌ಕಾನ್ಫಿಗ್ ಓಡಿಸಿ. ಹಿಂದಿನ ಸುತ್ತಿನ .ಕಾನ್ಫಿಗ್ ಮುಂದುವರಿಸಿದರೆ, ಹಳೆಯ ಕಮಿಟ್‌ಗೆ ಹೋದಾಗ ಅಲ್ಲಿಲ್ಲದ ಆಯ್ಕೆಗಳು ಉದುರುತ್ತವೆ, ಮತ್ತೆ ಹೊಸ ಕಮಿಟ್‌ಗೆ ಬಂದಾಗ ನೀವು ಆರಿಸಿದಂತೆ ಅವು ಮರಳುವುದಿಲ್ಲ.

ಮೂರಕ್ಕೂ ಸಮಾನವಾದ ಕೆಲವು ಮಾತು. ಮೇಕ್‌ಗೆ ಬರೀ -ಜೆ (ಒಟ್ಟಿಗೆ ಎಷ್ಟು ಕೆಲಸ ಓಡಿಸಬೇಕೆಂಬ ಆಯ್ಕೆ) ಕೊಡಬೇಡಿ, ಸಂಖ್ಯೆ ಹಾಕಿ. ಇಲ್ಲದಿದ್ದರೆ ಮಿತಿಯಿಲ್ಲದೆ ಕೆಲಸ ಹುಟ್ಟಿಸಿ 8 ಜಿಬಿಯನ್ನು ಮುಳುಗಿಸುತ್ತದೆ. ಡೆಬಿಯನ್ ಕುಟುಂಬದಲ್ಲಿ ಮೇಕ್ ಬಿನ್‌ಡೆಬ್-ಪಿಕೆಜಿ ಕೊಟ್ಟರೆ ಡೆಬ್ ಫೈಲ್ ಸಿಗುತ್ತದೆ, ತೆಗೆಯುವಾಗ ಸಲೀಸು. ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿಯಿಲ್ಲದ ಕರ್ನಲ್ ಅನ್ನು ಅದು ಒಳಗೇ ಬಿಡುವುದಿಲ್ಲ, ಯಾವ ಕಾನ್ಫಿಗ್ ಆದರೂ ಅಷ್ಟೇ.

ಹದಿನಾರು ಕೋರ್, 64 ಜಿಬಿ ಇರುವ ಡೆಸ್ಕ್‌ಟಾಪ್ ನಿಮ್ಮದಾಗಿದ್ದು ವರ್ಷಕ್ಕೆ ಎರಡು ಸಲ ಕಂಪೈಲ್ ಮಾಡುವವರಾದರೆ ಡಿಸ್ಟ್ರೋ ಕಾನ್ಫಿಗ್ ಇಟ್ಟುಕೊಳ್ಳಿ, ಪಟ್ಟಿ ಸಾಕುವ ತಲೆನೋವು ಯಾಕೆ? ಇನ್ನೊಬ್ಬರ ಯಂತ್ರಕ್ಕೆ ಕಟ್ಟಿಕೊಡುವಾಗಲೂ ಅದೇ, ಅವರು ನಾಳೆ ಏನು ಸಿಕ್ಕಿಸುತ್ತಾರೋ ಗೊತ್ತಿಲ್ಲ. ನನ್ನಂತೆ ಆಗಾಗ ಕಟ್ಟುವವರು, ಸಣ್ಣ ಎಸ್‌ಎಸ್‌ಡಿಯಲ್ಲಿ ಕಾಲ ಹಾಕುವವರು ಲೋಕಲ್‌ಮಾಡ್‌ಕಾನ್ಫಿಗ್ ಹಿಡಿಯಿರಿ. ಆದರೆ ಡಿಸ್ಟ್ರೋದ ಮೂಲ ಕರ್ನಲ್ ಅನ್ನು ಗ್ರಬ್ ಬೂಟ್ ಮೆನುವಿನಿಂದ ತೆಗೆಯಬೇಡಿ. ಬೂಟ್ ಕೆಟ್ಟರೆ ಅದು ಬೇಕು, ಹೊಸದೊಂದು ಸಾಧನ ಕೊಂಡಾಗ ಅದನ್ನು ಸಿಕ್ಕಿಸಿ ಪಟ್ಟಿಗೆ ಸೇರಿಸುವುದಕ್ಕೂ ಅದೇ ಬೇಕು.