ದಾಲ್ ಮಿಲ್ಲಿನಲ್ಲಿ ನಾಲ್ಕು ಬ್ಯಾಸಗಿ: ಪಿಎಲ್‌ಸಿ ಗಟ್ಟಿ, ವೈರಿಂಗ್ ಕಚ್ಚಾ

ಕಲಬುರಗಿಯ ತೊಗರಿ ಮಿಲ್ಲು, ರಿಲೇ (ಕರೆಂಟಿನಿಂದ ತೆರೆದು ಮುಚ್ಚುವ ಸ್ವಿಚ್ಚು) ಔಟ್‌ಪುಟ್ಟಿನ ಸಣ್ಣ ಪಿಎಲ್‌ಸಿ, ಅಂದರೆ ಪ್ರೋಗ್ರಾಂ ಪ್ರಕಾರ ಯಂತ್ರ ಓಡಿಸುವ ಪುಟ್ಟ ಕಂಪ್ಯೂಟರ್. ಎಲಿವೇಟರ್ (ಕಾಳು ಮೇಲಕ್ಕೆತ್ತುವ ಯಂತ್ರ), ರೋಲರ್, ಜಾಲರಿ ಎಲ್ಲ ಅದರ ಕೈಯಲ್ಲೇ. ಸ್ಪೆಕ್ ಕ್ಯಾಟಲಾಗಿನಲ್ಲಿದೆ, ಬಿಡಿ.

ಸಿಪಿಯು ಬಗ್ಗೆ ತಕರಾರಿಲ್ಲ. ಹೊರಗೆ 43 ಡಿಗ್ರಿ ಇದ್ದರೆ ಮುಚ್ಚಿದ ಪ್ಯಾನೆಲ್ಲಿನೊಳಗೆ 55 ಆಗಲು ಹೊತ್ತು ಬೇಕಿಲ್ಲ, ಬಹಳಷ್ಟು ಪಿಎಲ್‌ಸಿಗಳ ಮಿತಿಯೂ ಅಷ್ಟೇ. ಆ ಸೆಕೆಗೆ ಮೊದಲು ಕೈಕೊಡುವುದು 24 ವೋಲ್ಟಿನ ಎಸ್‌ಎಂಪಿಎಸ್, ಅಂದರೆ ಪ್ಯಾನೆಲ್ಲಿಗೆ ಡಿಸಿ ಕರೆಂಟು ಕೊಡುವ ಪವರ್ ಸಪ್ಲೈ. ಬಿಸಿ 10 ಡಿಗ್ರಿ ಏರಿದರೆ ಅದರ ಕೆಪಾಸಿಟರ್ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಲೋಡ್ 3 ಆಂಪಿಯರ್ ಇದ್ದರೆ 5 ಆಂಪಿಯರಿನದ್ದು ತಗೊಳ್ಳಿ, ಪ್ಯಾನೆಲ್ಲಿನ ಕೆಳಭಾಗದಲ್ಲಿ ಕೂರಿಸಿ.

ಬೆಳಿಗ್ಗೆ ಫ್ಯಾನಿನ ಫಿಲ್ಟರ್ ಬಿಚ್ಚಿ ಗೋಡೆಗೆ ಎರಡು ಸಲ ಬಡಿದರೆ ತೊಗರಿಯ ಹಳದಿ ಪುಡಿ ಉದುರುತ್ತದೆ. ಒಳಗೆ ಏರ್ ಗನ್ ಹಿಡಿಯಬೇಡಿ, ಧೂಳು ಟರ್ಮಿನಲ್ಲಿನ ಸಂದಿಗೆ ಸೇರುತ್ತದೆ. ಸ್ವಿಚ್ ಹಾಕಿದಾಗ ದೀಪಗಳು ಒಂದರ ಹಿಂದೊಂದು ಹತ್ತುವುದನ್ನು ನೋಡುವುದೇ ಒಂದು ಖುಷಿ. ಮೋಟರ್ ಎತ್ತುವಾಗ ಮೀಟರಿನಲ್ಲಿ 24 ಹೋಗಿ 21ಕ್ಕೆ ಇಳಿದರೆ ಎಸ್‌ಎಂಪಿಎಸ್ಸಿನ ದಿನ ಮುಗಿಯುತ್ತ ಬಂತು ಅಂತಲೇ.

ಸಿಟ್ಟು ಬರುವುದು ಔಟ್‌ಪುಟ್ ರಿಲೇ ಮೇಲೆ. 2 ಆಂಪಿಯರ್ ಅಂತ ಬರೆದಿರುತ್ತದೆ, ಆದರೆ ಕಾಂಟ್ಯಾಕ್ಟರ್ (ಮೋಟರಿಗೆ ಕರೆಂಟು ಹಾಯಿಸುವ ದೊಡ್ಡ ಸ್ವಿಚ್ಚು) ಕಾಯಿಲನ್ನು ನೇರ ಕಟ್ಟಿದರೆ ಬಿಡುವಾಗಲೆಲ್ಲ ಕಿಡಿ ಹಾರಿ, ಒಂದು ದಿನ ರಿಲೇಯ ಕಾಂಟ್ಯಾಕ್ಟ್ ಅಂಟಿಕೊಳ್ಳುತ್ತದೆ. ಪ್ರೋಗ್ರಾಂ ಲೆಕ್ಕದಲ್ಲಿ ಔಟ್‌ಪುಟ್ ಆಫ್, ದೀಪವೂ ಆರಿದೆ, ಎಲಿವೇಟರ್ ಮಾತ್ರ ಓಡುತ್ತಲೇ ಇದೆ. ಎಮರ್ಜೆನ್ಸಿ ಬಟನ್ನನ್ನು ಪಿಎಲ್‌ಸಿಯ ಇನ್‌ಪುಟ್ಟಿಗಷ್ಟೇ ಕೊಟ್ಟಿದ್ದರೆ, ಒತ್ತಿದರೂ ಅಷ್ಟೇ. ಇಲ್ಲಿ ಅರ್ಧ ತಪ್ಪು ಪ್ಯಾನೆಲ್ ಕಟ್ಟಿದವರದು.

ಪ್ರತಿ ಔಟ್‌ಪುಟ್ಟಿಗೂ ಕಾಂಟ್ಯಾಕ್ಟರಿಗೂ ನಡುವೆ ಸಾಕೆಟ್ಟಿನ ರಿಲೇ ಇಡಿ, ಹೋದರೆ ಕಿತ್ತು ಹೊಸದು ಹಾಕಿದರಾಯಿತು. ಕಿಡಿ ತಗ್ಗಿಸಲು ಎಸಿ ಕಾಯಿಲಿಗೆ ಆರ್‌ಸಿ ಸ್ನಬ್ಬರ್ (ರೆಸಿಸ್ಟರ್, ಕೆಪಾಸಿಟರ್ ಜೋಡಿ), ಡಿಸಿಗೆ ಡಯೋಡ್. ಎಮರ್ಜೆನ್ಸಿ ಬಟನ್ನಿನ ಎರಡೂ ಎನ್‌ಸಿ (ಒತ್ತಿದರೆ ಬಿಚ್ಚಿಕೊಳ್ಳುವ) ಕಾಂಟ್ಯಾಕ್ಟು ಸೇಫ್ಟಿ ರಿಲೇಗೆ (ಪಿಎಲ್‌ಸಿಯನ್ನು ನೆಚ್ಚದೆ ಲೈನ್ ಕಡಿಯುವ ರಿಲೇ) ಹೋಗಲಿ, ಅದು ಮೋಟರ್ ಲೈನಿನಲ್ಲಿ ಸರಣಿಯಾಗಿರುವ ಎರಡು ಕಾಂಟ್ಯಾಕ್ಟರ್‌ಗಳನ್ನು ಬೀಳಿಸಲಿ. ಅವುಗಳ ಮಿರರ್ ಕಾಂಟ್ಯಾಕ್ಟು (ಮುಖ್ಯ ಕಾಂಟ್ಯಾಕ್ಟು ಅಂಟಿದ್ದರೆ ಮುಚ್ಚದ ಪುಟ್ಟ ಕಾಂಟ್ಯಾಕ್ಟು) ಸೇಫ್ಟಿ ರಿಲೇಯ ರೀಸೆಟ್ ಲೈನಿನಲ್ಲಿರಲಿ, ಒಂದು ಅಂಟಿಕೊಂಡರೂ ಮತ್ತೆ ಚಾಲೂ ಆಗಬಾರದು. ಪಿಎಲ್‌ಸಿಗೆ ಸುದ್ದಿ ಮುಟ್ಟಿದರೆ ಸಾಕು. ಬಟನ್ ಮೂರ್ನಾಲ್ಕೇ ಇರುವ ಮಿಲ್ಲಿಗೆ ಸೇಫ್ಟಿ ಪಿಎಲ್‌ಸಿ (ಸುರಕ್ಷತೆಗೆಂದೇ ಮಾಡಿದ ಪಿಎಲ್‌ಸಿ) ದುಡ್ಡು ದಂಡ.

ಈ ಪಿಎಲ್‌ಸಿಯನ್ನೇ ಮತ್ತೆ ತಗೊಳ್ಳಬಹುದು, ಒಂದು ಷರತ್ತಿನ ಮೇಲೆ. ಬಾಕಿ ಹಣ ಕೊಡುವ ಮುನ್ನ ಎಲಿವೇಟರ್ ಖಾಲಿ ಓಡಿಸಿ, ಲ್ಯಾಪ್‌ಟಾಪಿನಿಂದ ಆ ಔಟ್‌ಪುಟ್ಟನ್ನು ಆನ್‌ಗೆ ಫೋರ್ಸ್ ಮಾಡಿಸಿ (ಪ್ರೋಗ್ರಾಂ ಏನೇ ಹೇಳಲಿ, ಆನ್ ಇರುವಂತೆ), ಕೆಂಪು ಬಟನ್ ಒತ್ತಿ. ಎರಡೂ ಕಾಂಟ್ಯಾಕ್ಟರ್ ಟಪ್ಪಂತ ಬೀಳದಿದ್ದರೆ ಪ್ಯಾನೆಲ್ ವಾಪಸ್ ಕಳಿಸಿ.