ಸುಬ್ಬಿಯ ಬೋಳು ಹೊಟ್ಟೆ: ಎಣ್ಣೆಯಿಂದ ಕ್ಯಾಪ್ಸೂಲ್‌ವರೆಗೆ ಮಾಡಿ ನೋಡಿದ್ದು

ತುರಿಕೆ ಬಂದರೆ ಬೆಕ್ಕೂ ನಾಯಿಯ ಹಾಗೆ ಪರಪರ ಕೆರೆದುಕೊಳ್ಳುತ್ತದೆ ಅಂದುಕೊಂಡಿದ್ದೆ. ಸುಬ್ಬಿ ಕೆರೆದುಕೊಳ್ಳಲೇ ಇಲ್ಲ, ನೆಕ್ಕಿಕೊಂಡಳು. ಕಳೆದ ವರ್ಷ ಜೂನ್‌ನಲ್ಲಿ, ಮಳೆ ಹಿಡಿದುಕೊಂಡ ವಾರ, ಅಂಗಾತ ಬಿದ್ದು ನಿದ್ದೆ ಮಾಡುತ್ತಿದ್ದವಳನ್ನು ನೋಡಿದರೆ ಹೊಟ್ಟೆ ಪೂರಾ ಬೋಳು. ಹಿಂದಿನ ತೊಡೆಗಳ ಒಳಗೂ ಅಷ್ಟೇ. ಗಾಯ ಇಲ್ಲ, ಕೆಂಪಿಲ್ಲ, ಯಾರೋ ಟ್ರಿಮ್ಮರ್ ಆಡಿಸಿದ ಹಾಗೆ ಅಚ್ಚುಕಟ್ಟು. ಬೆರಳಾಡಿಸಿದರೆ ಎರಡು ದಿನದ ಗಡ್ಡದಂತೆ ಮೊಂಡು ಕೂದಲು ಚುಚ್ಚುತ್ತಿತ್ತು. ಆ ಮೊಂಡೇ ಗುರುತಂತೆ. ಬುಡದಿಂದ ಉದುರಿದ ಕೂದಲಲ್ಲ ಅದು, ಮುಳ್ಳುನಾಲಿಗೆಯಲ್ಲಿ ಉಜ್ಜಿ ಉಜ್ಜಿ ಮುರಿದ ಕೂದಲು.

ನಾವಿರುವುದು ಶಿವಮೊಗ್ಗದಲ್ಲಿ, ಹಳೇ ಹೆಂಚಿನ ಮನೆಯ ಹಿಂದಿನ ಭಾಗದಲ್ಲಿ ಬಾಡಿಗೆಗೆ. ಮುಂದಿನ ಜಗಲಿಯಲ್ಲಿ ಓನರ್ ಅವರ ನಾಯಿ ಮಲಗುತ್ತದೆ. ಈ ನಾಯಿಯನ್ನು ನೆನಪಿಟ್ಟುಕೊಳ್ಳಿ. ಸುಬ್ಬಿ ಆರು ವರ್ಷದ, ನಾಲ್ಕು ಕೆಜಿಯ, ಬೂದು ಪಟ್ಟೆಯ ನಾಟಿ ಬೆಕ್ಕು. ಈ ಹದಿನಾಲ್ಕು ತಿಂಗಳಲ್ಲಿ ಅವಳ ಮೇಲೆ ಏನೇನು ಪ್ರಯೋಗ ಮಾಡಿದೆ, ಯಾವುದು ಎಷ್ಟು ಕೆಲಸ ಮಾಡಿತು ಅನ್ನುವ ಲೆಕ್ಕ ಇದು. ಲೆಕ್ಕ ಅಂದರೆ ನಿಜಕ್ಕೂ ಲೆಕ್ಕವೇ. ರಾತ್ರಿ ಎಂಟರಿಂದ ಒಂಬತ್ತರವರೆಗೆ ಎಷ್ಟು ಸಲ ಹೊಟ್ಟೆಗೆ ಬಾಯಿ ಹಾಕಿದಳು ಅಂತ ಎಣಿಸಿ ಗೋಡೆಯ ಕ್ಯಾಲೆಂಡರ್‌ನಲ್ಲಿ ಗೀಚುತ್ತಿದ್ದೆ. ಭಾನುವಾರಕ್ಕೊಮ್ಮೆ ಹೊಟ್ಟೆಯ ಪಕ್ಕ ಐದು ರೂಪಾಯಿ ನಾಣ್ಯ ಇಟ್ಟು ಫೋಟೋ. ಶುರುವಿನ ವಾರದ ಸರಾಸರಿ 14.

ಮೊದಲು ತೋರಿಸಿದ ಡಾಕ್ಟ್ರು ಮುಟ್ಟಿಯೂ ನೋಡದೆ "ಟೆನ್ಶನ್ ಇರಬೇಕು, ಮನೇಲಿ ಏನಾದ್ರೂ ಬದಲಾವಣೆ ಆಯ್ತಾ?" ಅಂದರು. ಆಗಿತ್ತು, ಅತ್ತೆ ನಮ್ಮ ಜೊತೆ ಇರಲು ಬಂದಿದ್ದರು. ಮನೆಗೆ ಬಂದು ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಆಮೇಲೆ ಓದಿದ್ದು: ಹೀಗೆ 'ಮನಸ್ಸಿನ ಕಾಯಿಲೆ' ಅಂತ ಹಣೆಪಟ್ಟಿ ಹಚ್ಚಿಸಿಕೊಂಡ 21 ಬೆಕ್ಕುಗಳನ್ನು ಅಮೆರಿಕದ ಪಶುವೈದ್ಯರ ಪತ್ರಿಕೆಯೊಂದರ 2006ರ ಅಧ್ಯಯನದಲ್ಲಿ ಪೂರ್ತಿ ತಪಾಸಣೆ ಮಾಡಿದರೆ, 16ಕ್ಕೆ ಇದ್ದದ್ದು ಶುದ್ಧ ದೇಹದ ಕಾಯಿಲೆ. ಬರೀ ಮನಸ್ಸಿನದು ಎರಡಕ್ಕೆ ಮಾತ್ರ, ಉಳಿದ ಮೂರಕ್ಕೆ ಎರಡೂ. ಅತ್ತೆ ನಿರಪರಾಧಿ.

ಎರಡನೇ ಡಾಕ್ಟ್ರು ಹುಳ ಇದೆಯಾ ಅಂತ ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿ, ಗಜಕರ್ಣಕ್ಕೆ ಕಲ್ಚರ್ ಹಾಕಿಸಿದರು. ಎರಡರಲ್ಲೂ ಏನೂ ಸಿಗಲಿಲ್ಲ. ಅಲ್ಲಿಂದ ಶುರು.

ಮನೆಮದ್ದು ಮತ್ತು ಕತ್ತಿನ ಹನಿ

ಅತ್ತೆಯ ಮದ್ದು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿದ್ದು. ಮನುಷ್ಯರ ಕಡಿತಕ್ಕೆ ನಮ್ಮಲ್ಲಿ ಎಲ್ಲರೂ ಹಚ್ಚಿಕೊಳ್ಳುವುದೇ. ಬಟ್ಟಲು ಕೈಯಲ್ಲಿ ಹಿಡಿದು ನಿಂತವರನ್ನು ತಡೆದೆ. ಬೆಕ್ಕಿಗೆ ಹಚ್ಚಿದ್ದೆಲ್ಲ ಐದು ನಿಮಿಷದಲ್ಲಿ ಬೆಕ್ಕಿನ ಹೊಟ್ಟೆಯೊಳಗೆ ಹೋಗಿರುತ್ತದೆ, ಕರ್ಪೂರ ಅದಕ್ಕೆ ವಿಷ. ಟೀ ಟ್ರೀ ಎಣ್ಣೆಯೂ ವಿಷ. ಬೇವಿನೆಣ್ಣೆ ನೆಕ್ಕಿ ನಡುಕ ಬಂದು, ಜೊಲ್ಲು ಸುರಿಸಿದ ಬೆಕ್ಕುಗಳೂ ಇವೆ. ಕೊನೆಗೆ ರಾಜಿಯಾಗಿ ಬರೀ ಕೊಬ್ಬರಿ ಎಣ್ಣೆ ಒಂದು ವಾರ ಸವರಿದೆವು. ಎಣ್ಣೆಯ ರುಚಿಗೆ ಸುಬ್ಬಿ ಇನ್ನಷ್ಟು ನೆಕ್ಕಿದಳು, ಲೆಕ್ಕ 17ಕ್ಕೆ ಏರಿತು. ಆ ವಾರ ಆದ ಒಂದೇ ಒಳ್ಳೆಯ ಕೆಲಸ ಅಂದರೆ ನೆಲ ಒರೆಸಲು ಫಿನಾಯಿಲ್ ಹಾಕುವುದನ್ನು ನಿಲ್ಲಿಸಿದ್ದು. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ತೀರಾ ಕಡಿಮೆ, ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೆ ಸಾಕು.

ಚಿಗಟದ ಹನಿಮದ್ದನ್ನು ನಾನು ಬೇಡ ಅಂದಿದ್ದೆ. "ಒಂದು ಚಿಗಟಾನೂ ಕಾಣ್ತಿಲ್ವಲ್ಲ ಸಾರ್" ಅಂದೆ. ಡಾಕ್ಟ್ರು ನಕ್ಕು, ಬಾಲದ ಬುಡದಲ್ಲಿ ಬಾಚಣಿಗೆ ಆಡಿಸಿ, ಬಂದ ಕರಿ ಪುಡಿಯನ್ನು ಒದ್ದೆ ಟಿಶ್ಯೂ ಮೇಲೆ ಉದುರಿಸಿದರು. ಒಂದೊಂದು ಚುಕ್ಕಿಯ ಸುತ್ತಲೂ ನಿಧಾನಕ್ಕೆ ಇಟ್ಟಿಗೆ ಬಣ್ಣದ ಉಂಗುರ ಹರಡಿತು. ಅದು ಚಿಗಟದ ಹಿಕ್ಕೆ, ಅಂದರೆ ಸುಬ್ಬಿಯದೇ ಒಣಗಿದ ರಕ್ತ. ಚಿಗಟ ಕಾಣದಿರುವುದಕ್ಕೆ ಕಾರಣ ಬೆಕ್ಕು ಅದನ್ನು ನೆಕ್ಕಿ ನುಂಗಿರುತ್ತದೆ. ಅಲರ್ಜಿ ಇರುವ ಬೆಕ್ಕಿಗೆ ನೂರು ಕಡಿತ ಬೇಕಾಗಿಲ್ಲ, ಚಿಗಟದ ಎಂಜಲು ಸ್ವಲ್ಪ ಸಾಕು.

ಹನಿಮದ್ದು ತರಲು ಹೋದಾಗ ಸಣ್ಣದರಲ್ಲಿ ಬಚಾವಾದೆ. ಸಾಕುಪ್ರಾಣಿ ಸಾಮಾನಿನ ಅಂಗಡಿಯವನು ನಾಯಿಯದ್ದು ಕೊಟ್ಟು "ಅರ್ಧ ಹಾಕಿ ಮೇಡಂ, ಒಂದೇ" ಅಂದ. ಬಸ್ಸಿನಲ್ಲಿ ಕೂತು ಡಬ್ಬಿ ತಿರುಗಿಸಿದರೆ ಪರ್ಮೆಥ್ರಿನ್. ನಾಯಿ ತಡೆದುಕೊಳ್ಳುವ ಈ ಔಷಧ ಬೆಕ್ಕಿಗೆ ಫಿಟ್ಸ್ ಬರಿಸಿ ಕೊಲ್ಲುತ್ತದೆ, ಅರ್ಧ ಕಾಲು ಅಂತ ಲೆಕ್ಕವಿಲ್ಲ. ಡಬ್ಬಿಯ ಮೇಲೆ ಬೆಕ್ಕಿಗೆ ಅಂತಲೇ ಬರೆದಿದೆಯೇ ನೋಡಿಕೊಂಡು ತನ್ನಿ. ನಾವು ಹಾಕಿದ್ದು ಸೆಲಾಮೆಕ್ಟಿನ್, ತಿಂಗಳಿಗೊಂದು ಸಲ, ನಾಲಿಗೆ ತಲುಪದ ಕತ್ತಿನ ಹಿಂದೆ, ಕೂದಲು ಬಿಡಿಸಿ ಚರ್ಮಕ್ಕೇ ತಾಗುವಂತೆ.

ಮೊದಲ ತಿಂಗಳು 14 ಇದ್ದದ್ದು 12. ಬೈಯುತ್ತಲೇ ಡಾಕ್ಟ್ರ ಹತ್ತಿರ ಹೋದೆ. "ನಿಮ್ಮ ಬೆಕ್ಕಿಗೆ ಹಾಕಿದ್ರಿ, ಮನೆಗೆ ಹಾಕಿದ್ರಾ?" ಅಂತ ಕೇಳಿದರು. ಮೈಮೇಲಿರುವ ಬೆಳೆದ ಚಿಗಟ ಇಡೀ ಸಂಸಾರದಲ್ಲಿ ನೂರಕ್ಕೆ ಐದು ಪಾಲು. ಮೊಟ್ಟೆ, ಮರಿಹುಳು, ಕೋಶ ಎಲ್ಲ ಸೇರಿ ಉಳಿದ 95 ಪಾಲು ಚಾಪೆ, ದಿಂಬು, ಜಗಲಿಯ ಬಿರುಕಿನಲ್ಲಿ ಇರುತ್ತದೆ, ಕೋಶದೊಳಗೆ ತಿಂಗಳುಗಟ್ಟಲೆ ಕಾಯುತ್ತದೆ. ಆಗ ಜಗಲಿಯ ನಾಯಿ ನೆನಪಾಯಿತು. ಓನರ್ ಅಂಕಲ್‌ಗೆ ಹೇಳಿದರೆ "ನಮ್ಮ ನಾಯಿಗೆ ಉಣುಗು ಇರ್ಬಹುದು, ಚಿಗಟ ಇಲ್ಲಮ್ಮ" ಅಂತ ಮುನಿಸು. ಒದ್ದೆ ಟಿಶ್ಯೂ ಆಟವನ್ನು ಅವರ ಮುಂದೆಯೇ ಆಡಿ ತೋರಿಸಿದೆ. ನಾಯಿಯ ಮಾತ್ರೆಯ ದುಡ್ಡು ನಾನೇ ಕೊಟ್ಟೆ, ಅಷ್ಟರ ಮಟ್ಟಿಗೆ ಸೋತೆ. ಸುಬ್ಬಿ ಮಲಗುವ ಬಟ್ಟೆಗಳಿಗೆಲ್ಲ ವಾರಕ್ಕೊಮ್ಮೆ ಕುದಿನೀರು. ಸೆಪ್ಟೆಂಬರ್ ಕೊನೆಗೆ ಲೆಕ್ಕ 8. ಖರ್ಚಿಗೆ ಹೋಲಿಸಿದರೆ ಇಷ್ಟು ಫಲ ಕೊಟ್ಟದ್ದು ಬೇರೆ ಯಾವುದೂ ಇಲ್ಲ, ಆದರೆ ಬೋಳು ಬೋಳಾಗಿಯೇ ಇತ್ತು.

ಕೋನ್ ಮತ್ತು ಸ್ವೆಟರ್ ತೋಳು

ಇವೆರಡೂ ತುರಿಕೆ ಕಡಿಮೆ ಮಾಡುವುದಿಲ್ಲ, ನಾಲಿಗೆಯನ್ನು ದೂರ ಇಡುತ್ತವೆ ಅಷ್ಟೆ. ಮಾವನವರ ಮಂಡಿಯ ಹಳೇ ಎಕ್ಸ್‌ರೇ ಹಾಳೆ ಕತ್ತರಿಸಿ ಕತ್ತಿನ ಸುತ್ತ ಕಟ್ಟುವ ಕೋನ್ ಮಾಡಿದೆ. ಸುಬ್ಬಿ ಬಾಗಿಲ ಚೌಕಟ್ಟಿಗೆ ಡಿಕ್ಕಿ ಹೊಡೆದು, ಅಲ್ಲೇ ಅರ್ಧ ಗಂಟೆ ಗೋಡೆ ನೋಡುತ್ತಾ ನಿಂತಳು. ಅತ್ತೆಯ ಹಳೇ ಸ್ವೆಟರ್‌ನ ತೋಳಿಗೆ ನಾಲ್ಕು ತೂತು ಮಾಡಿ ತೊಡಿಸಿದ್ದು ವಾಸಿ, ಊಟ ನೀರು ಎಲ್ಲ ಸಲೀಸು. ಆದರೆ ಬಿಚ್ಚಿದ ಅರ್ಧ ಗಂಟೆಯಲ್ಲಿ ಇಡೀ ದಿನದ ಬಾಕಿ ತೀರಿಸಿಬಿಡುತ್ತಿದ್ದಳು. ಹಸಿ ಗಾಯ ಇದ್ದರೆ ಇದು ಬೇಕು, ಇಲ್ಲದಿದ್ದರೆ ಬೇಡ.

ಶೀತಕ್ಕೆ ಕೊಡುವ ಕ್ಲೋರ್‌ಫೆನಿರಮಿನ್ ಮಾತ್ರೆಯನ್ನೂ ಎರಡು ವಾರ ನೋಡಿದೆವು. ಕಹಿಗೆ ಬಾಯಿ ತುಂಬ ನೊರೆ, ಆಮೇಲೆ ನಿದ್ದೆ. ಎಚ್ಚರ ಇದ್ದಾಗ ಅದೇ ನೆಕ್ಕಾಟ. 8 ಇದ್ದದ್ದು 7.

ಊಟದ ಪರೀಕ್ಷೆ

ಅತಿ ಹೆಚ್ಚು ಮೈಮುರಿಸಿದ್ದು ಇದು. ಬೆಕ್ಕುಗಳಿಗೆ ಊಟದ ಅಲರ್ಜಿ ಬರುವುದು ಹೆಚ್ಚಾಗಿ ದನದ ಮಾಂಸ, ಮೀನು, ಕೋಳಿಯಿಂದ. ರಕ್ತಪರೀಕ್ಷೆಯಲ್ಲಿ ನಂಬುವಂಥ ಉತ್ತರ ಸಿಗುವುದಿಲ್ಲ, ಇದುವರೆಗೆ ತಿನ್ನದೇ ಇರುವ ಒಂದೇ ಮಾಂಸವನ್ನು ಎಂಟು ವಾರ ಕೊಟ್ಟು ನೋಡುವುದೊಂದೇ ದಾರಿ. ಅಂಥ ಮಾಂಸದ ಬದಲು, ಪ್ರೋಟೀನನ್ನು ಸಣ್ಣ ಸಣ್ಣ ಚೂರಾಗಿ ಒಡೆದ ಹೈಡ್ರೊಲೈಸ್ಡ್ ಆಹಾರ ಪ್ಯಾಕೆಟ್‌ನಲ್ಲಿ ಬರುತ್ತದೆ, ಸುಬ್ಬಿ ಅದನ್ನು ಮೂಸಿ ಮಣ್ಣು ಮುಚ್ಚುವವಳ ಹಾಗೆ ನೆಲ ಕೆರೆದು ಹೋದಳು. ಉಳಿದದ್ದು ಹಂದಿ ಮಾಂಸ.

ನಮ್ಮದು ಮೊಟ್ಟೆಯೂ ಬಾರದ ಅಡುಗೆಮನೆ. ಕೋಳಿಯನ್ನೇ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಬೇರೆ ಪಾತ್ರೆಯಲ್ಲಿ, ಇಂಡಕ್ಷನ್ ಒಲೆ ಇಟ್ಟು ಬೇಯಿಸುತ್ತಿದ್ದವಳು ನಾನು. ಹಂದಿ ಬೇಯುವ ದಿನ ಅತ್ತೆ ಮೂಗಿಗೆ ಸೆರಗು ಹಿಡಿದು "ತಿನ್ನೋ ಪಾಪ ಬೆಕ್ಕಿಗೆ, ಬೇಯ್ಸೋ ಪಾಪ ನಿಂಗೆ" ಅಂದು ದೇವರಮನೆ ಬಾಗಿಲು ಹಾಕಿಕೊಂಡರು. ಬರೀ ಮಾಂಸ ಎಂಟು ವಾರ ಕೊಡುವ ಹಾಗಿಲ್ಲ, ಟಾರಿನ್ ಅನ್ನುವ ಪೋಷಕಾಂಶ ಸಾಲದಿದ್ದರೆ ಬೆಕ್ಕಿನ ಕಣ್ಣು, ಹೃದಯ ಎರಡೂ ಕೆಡುತ್ತವೆ. ಅದಕ್ಕೆ ಡಾಕ್ಟ್ರು ಪುಡಿ ಬರೆದುಕೊಟ್ಟರು.

ಮೂರನೇ ವಾರ ಗೊತ್ತಾಯಿತು, ಅದೇ ಅತ್ತೆ ದಿನಾ ಬೆಳಿಗ್ಗೆ ಬೆರಳ ತುದಿಯಲ್ಲಿ ಹಾಲಿನ ಕೆನೆ ನೆಕ್ಕಿಸುತ್ತಿದ್ದಾರೆ. "ಅಷ್ಟೇ ಅಷ್ಟು" ಅಂತ ಬೆರಳು ತೋರಿಸಿದರು. ಮತ್ತೆ ಒಂದನೇ ದಿನದಿಂದ ಶುರು. ಐದನೇ ವಾರ ಪಕ್ಕದ ಮನೆಯವರು ಬಂಗುಡೆ ತಲೆ ಹಾಕಿದ್ದರು, ಆಗ ಬಾಗಿಲು ಕಿಟಕಿ ಎಲ್ಲ ಬಂದ್. ಜನವರಿ ಮುಗಿಯುವ ಹೊತ್ತಿಗೆ ಎಂಟು ವಾರ ಪೂರ್ತಿಯಾಯಿತು. ಲೆಕ್ಕ 8 ಇದ್ದದ್ದು 8. ಎಷ್ಟೋ ಬೆಕ್ಕುಗಳಿಗೆ ಇಲ್ಲೇ ಉತ್ತರ ಸಿಗುತ್ತದೆ, ನಮಗೆ ಸಿಗಲಿಲ್ಲ. ಒಂದಂತೂ ಹೇಳುತ್ತೇನೆ, ಮನೆಯವರೆಲ್ಲ ಒಪ್ಪದಿದ್ದರೆ ಈ ಪರೀಕ್ಷೆಗೆ ಕೈ ಹಾಕಲೇಬೇಡಿ.

ಸ್ಟೀರಾಯ್ಡ್ ಮತ್ತು ಸೈಕ್ಲೋಸ್ಪೋರಿನ್

ಚಿಗಟ ಹೋಯಿತು, ಊಟ ಅಲ್ಲ, ಹುಳ ಇಲ್ಲ. ಉಳಿದದ್ದು ವಾತಾವರಣದ ಅಲರ್ಜಿ, ಧೂಳಿನ ಕೀಟವೋ ಬೂಷ್ಟೋ. ಮಲೆನಾಡಿನ ಮಗ್ಗುಲಿನ ಹೆಂಚಿನ ಮನೆಯಲ್ಲಿ ಎರಡಕ್ಕೂ ಬರವಿಲ್ಲ.

ಮೊದಲು ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ. ಪ್ರೆಡ್ನಿಸೋನ್ ಅಂತ ಹತ್ತಿರದ ಹೆಸರಿನದು ಇನ್ನೊಂದಿದೆ, ಅದು ಬೆಕ್ಕಿನ ಮೈಗೆ ಸರಿಯಾಗಿ ಹತ್ತುವುದಿಲ್ಲ. ದಿನಕ್ಕೆ 5 ಮಿಲಿಗ್ರಾಂ, ಸುಬ್ಬಿಯ ತೂಕಕ್ಕೆ ಡಾಕ್ಟ್ರು ಕೂತು ಲೆಕ್ಕ ಹಾಕಿದ್ದು. ನಾಲ್ಕನೇ ರಾತ್ರಿ ಎಣಿಸಲು ಕೂತರೆ ಎಣಿಸುವುದಕ್ಕೇ ಇಲ್ಲ. ಒಂಬತ್ತು ಗಂಟೆ ಹೊಡೆದಾಗ 2. ಏಳೆಂಟು ತಿಂಗಳಲ್ಲಿ ಮೊದಲ ಸಲ ಅವಳು ಹೊಟ್ಟೆ ಮರೆತು ಹಲ್ಲಿ ನೋಡುತ್ತಾ ಕೂತಿದ್ದಳು. ಒಂದು ಸ್ಟ್ರಿಪ್ಪಿಗೆ ಎರಡು ಕಾಫಿಯ ದುಡ್ಡೂ ಇಲ್ಲ.

ಎರಡನೇ ವಾರ ಇನ್ನೊಂದು ಮುಖ ಕಂಡಿತು. ನೀರಿನ ಬಟ್ಟಲು ದಿನಕ್ಕೆ ಮೂರು ಸಲ ಖಾಲಿ, ಮಣ್ಣಿನ ಟ್ರೇ ಕೆಸರು. ಹಸಿವೋ ಹಸಿವು, ಜನ್ಮದಲ್ಲಿ ಮೂಸದ ಅನ್ನ ಸಾರಿಗೂ ಬಾಯಿ ಹಾಕಿದಳು. ಮೂರು ವಾರದಲ್ಲಿ 300 ಗ್ರಾಂ ಏರಿದಳು. ದಿನ ಬಿಟ್ಟು ದಿನಕ್ಕೆ ಇಳಿಸಿ ನಿಲ್ಲಿಸಿದ ಒಂಬತ್ತನೇ ದಿನ ಲೆಕ್ಕ ಮತ್ತೆ 8. ವರ್ಷಗಟ್ಟಲೆ ಕೊಟ್ಟರೆ ಬೆಕ್ಕಿಗೆ ಸಕ್ಕರೆ ಕಾಯಿಲೆ ಬರುವ ಅಪಾಯ ಇದೆ. ವಾರಗಟ್ಟಲೆ ಕೆಲಸ ಮಾಡುವ ಡಿಪೋ ಇಂಜೆಕ್ಷನ್ ಬೇಡ ಅಂದೆ. ಮಾತ್ರೆಯನ್ನಾದರೆ ನಾಳೆಯಿಂದಲೇ ಇಳಿಸುತ್ತಾ ಬರಬಹುದು, ಚುಚ್ಚಿದ ಮದ್ದನ್ನು ವಾಪಸ್ ತೆಗೆಯುವುದು ಹೇಗೆ?

ಸೈಕ್ಲೋಸ್ಪೋರಿನ್ ಪೂರಾ ತದ್ವಿರುದ್ಧ. ಅದೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದೇ, ಕಿಡ್ನಿ ಕಸಿ ಮಾಡಿಸಿಕೊಂಡವರು ನುಂಗುವ ಔಷಧ. ಬೆಕ್ಕಿಗೆ ಕೆಜಿಗೆ 7 ಮಿಲಿಗ್ರಾಂ, ಸುಬ್ಬಿಗೆ ದಿನಕ್ಕೊಂದು 25ರ ಕ್ಯಾಪ್ಸೂಲ್. ನನಗೆ ಬಿದ್ದ ಖರ್ಚು ದಿನಕ್ಕೆ ಹತ್ತಿರ ಹತ್ತಿರ 50 ರೂಪಾಯಿ. ಶುರು ಮಾಡುವ ಮುಂಚೆ, ಬೆಕ್ಕಿನ ರೋಗನಿರೋಧಕ ಶಕ್ತಿಯನ್ನೇ ಕುಂದಿಸುವ ಎಫ್‌ಐವಿ, ಎಫ್‌ಇಎಲ್‌ವಿ ವೈರಸ್‌ಗಳ ಪರೀಕ್ಷೆ. ಇಲಿ, ಹಸಿ ಮಾಂಸದಿಂದ ಹತ್ತುವ ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿಯ ಭಯಕ್ಕೆ ಇಲಿ ಹಿಡಿಯುವುದು, ಹಸಿ ಮಾಂಸ ಬಂದ್, ಅಂದರೆ ಸುಬ್ಬಿ ಮನೆಯೊಳಗೆ. ಕ್ಯಾಪ್ಸೂಲ್‌ನ ವಾಸನೆ ಹಳಸಿದ ಬಿಯರ್ ಥರ. ಮೊದಲ ಹತ್ತು ದಿನದಲ್ಲಿ ನಾಲ್ಕು ಸಲ ವಾಂತಿ. ಡಾಕ್ಟ್ರು ಫ್ರೀಜರಿನಲ್ಲಿಟ್ಟು ಕೊಡಿ ಅಂದರು, ಅದಾದ ಮೇಲೆ ಒಂದೇ ಸಲ. ತುರಿಕೆ ಮಾತ್ರ ಹಾಗೇ ಇತ್ತು: ಎರಡನೇ ವಾರ 7, ಮೂರನೇ ವಾರ 7. ಮೂರೇ ದಿನದಲ್ಲಿ ಸುಮ್ಮನಾದ ಬೆಕ್ಕನ್ನು ಒಮ್ಮೆ ನೋಡಿದ ಮೇಲೆ ಈ ಕಾಯುವಿಕೆ ಇದೆಯಲ್ಲ, ಎರಡು ಸಲ ಸ್ಟೀರಾಯ್ಡ್ ಸ್ಟ್ರಿಪ್ ಕೈಗೆ ತೆಗೆದುಕೊಂಡು ವಾಪಸ್ ಇಟ್ಟಿದ್ದೇನೆ. ಐದನೇ ವಾರ 3. ನೀರು ಕುಡಿಯುವುದು ಮೊದಲಿನಷ್ಟೇ, ತೂಕವೂ ಅಷ್ಟೇ.

ಹುಣ್ಣಾಗಿ ರಕ್ತ ಬರುತ್ತಿದ್ದರೆ ನಾನು ಸ್ಟೀರಾಯ್ಡನ್ನೇ ಹಿಡಿಯುತ್ತಿದ್ದೆ, ಎರಡು ವಾರಕ್ಕೆ. ವರ್ಷ ವರ್ಷ ಬಾಳಬೇಕಾದ ಔಷಧ ಅಂದರೆ ನನ್ನ ಮತ ಕ್ಯಾಪ್ಸೂಲ್‌ಗೆ, ಜೇಬಿಗೆ ನೋವಾದರೂ. ಎರಡರಲ್ಲಿ ಯಾವುದನ್ನು ಕೊಟ್ಟರೂ ಕತ್ತಿನ ಹನಿ ನಿಲ್ಲಿಸುವಂತಿಲ್ಲ. ನಡುವೆ ಒಂದು ತಿಂಗಳು ಹನಿ ಮರೆತೆ, ಕ್ಯಾಪ್ಸೂಲ್ ನಡೆಯುತ್ತಿದ್ದರೂ 3 ಇದ್ದದ್ದು 6 ಆಯಿತು.

ಆಮೇಲೆ ಕ್ಯಾಪ್ಸೂಲ್ ದಿನ ಬಿಟ್ಟು ದಿನ, ಜೂನ್‌ನಿಂದ ಸೋಮವಾರ, ಗುರುವಾರ ಮಾತ್ರ. ಹೊಟ್ಟೆಯ ಕೂದಲು ಬಂದಿದೆ, ಹಳೇದಕ್ಕಿಂತ ಬೆಳ್ಳಗೆ, ಹತ್ತಿಯಂತೆ. ಮೊನ್ನೆ ಭಾನುವಾರ ಫೋಟೋಗೆ ನಾಣ್ಯ ಇಟ್ಟರೆ ಅರ್ಧ ನಾಣ್ಯ ಕೂದಲೊಳಗೆ ಮುಳುಗಿತ್ತು. ಮಳೆ ಜೋರಾಗಿದೆ, ಗೋಡೆಗೆ ಬೂಷ್ಟು ಏರುತ್ತಿದೆ. ಕ್ಯಾಲೆಂಡರ್‌ನಲ್ಲಿ ಈ ವಾರದ ಗೀಚು 2, 3, 2, 4. ಆ 4ರ ಪಕ್ಕ ಅತ್ತೆಯ ಕೈಬರಹದಲ್ಲಿ ಇನ್ನೊಂದು ಸಾಲು ಇದೆ: "ನೆಕ್ಕಿದ್ದು ಮೂರೇ, ಒಂದು ಸಲ ಬರೀ ಆಕಳಿಸಿದ್ದು."